ಬೀಗದ ಕೈ ಕೊಟ್ಟ ಮೇಲೆ

ಬಡವರಿಗೆ ಮನೆ ಕಟ್ಟಿಕೊಡುವುದು ಪುಣ್ಯದ ಕೆಲಸ. ಮಠ, ಜಮಾಅತ್, ಚರ್ಚು, ಸಂಘಸಂಸ್ಥೆ ಯಾವುದೇ ಇರಲಿ, ಈ ಮಾತಿಗೆ ನಮ್ಮಲ್ಲಿ ಭಿನ್ನಮತವಿಲ್ಲ. ಆದರೆ ಬೀಗದ ಕೈ ಹಸ್ತಾಂತರದ ಫೋಟೊ ತೆಗೆದೊಡನೆ ಹೊಣೆ ಮುಗಿಯಿತೆಂದು ಭಾವಿಸುತ್ತೇವಲ್ಲ, ಆಕ್ಷೇಪವಿರುವುದು ಅಲ್ಲಿ.

ಸಾಲಿಗ್ರಾಮದ ನಾವು ಪಾಠಕ್ಕಾಗಿ ದೂರ ಹೋಗಬೇಕಿಲ್ಲ. ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಅಲ್ಲಿ ಟಿಬೆಟಿನ ನಿರಾಶ್ರಿತರಿಗೆ ಭೂಮಿ ಕೊಟ್ಟಿತು. ಇಂಥ ನಿರಾಶ್ರಿತರ ಪುನರ್ವಸತಿಗೆಂದೇ 1968ರಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಹುಟ್ಟಿತು. ಬೈಲಕುಪ್ಪೆಯಲ್ಲಿ ಮನೆಯ ಜೊತೆಗೆ ಹೊಲ ಬಂತು, ಸಹಕಾರ ಸಂಘ ಬಂತು. ಕ್ರಮೇಣ ಶಾಲೆ, ಆಸ್ಪತ್ರೆ, ದಿಕ್ಕಿಲ್ಲದ ಮುದುಕರಿಗೆ ವೃದ್ಧಾಶ್ರಮವೂ ಬಂದವು. ಅಲ್ಲಿ ನೆಲೆ ಸಿಕ್ಕಿದ್ದು ಬರೀ ಗೋಡೆಯಿಂದಲ್ಲ.

ನಮ್ಮ ಊರುಗಳ ಮಾತೇನು? ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ವಸತಿ ಯೋಜನೆಗಳಲ್ಲಿ ಶೇ. 5 ಪಾಲು ಮೀಸಲಿಟ್ಟಿದೆ. ಆ ಲೆಕ್ಕ ಮನೆಗಳದ್ದು, ಬಾಗಿಲಿನದ್ದಲ್ಲ. ಎತ್ತರದ ಹೊಸ್ತಿಲು, ಗಾಲಿಕುರ್ಚಿ ಹಿಡಿಸದ ಕಕ್ಕಸು, ಬೀದಿಯಾಚೆಯ ನಲ್ಲಿ ಇದ್ದರೆ ಊರುಗೋಲಿನ ಮುದುಕಿಗೆ ಹೊಸ ಮನೆಯೂ ಸೆರೆಮನೆಯೇ.

ಮನೆ ಕಟ್ಟಿಸುವವರು ವಾರ್ಷಿಕ ವರದಿಯಲ್ಲಿ ಮನೆಗಳ ಸಂಖ್ಯೆಯ ಪಕ್ಕದಲ್ಲೇ ಇನ್ನೊಂದು ಕಲಂ ತೆರೆಯಲಿ: ಐದು ವರ್ಷಗಳ ಬಳಿಕ ಆ ಮನೆಯಲ್ಲಿ ಯಾರಿದ್ದಾರೆ, ಹೇಗಿದ್ದಾರೆ?