ಬೆಳಗಿನ ತಿಂಡಿಯ ಖಡಕ್ ಚಹಾ

‘ಇಂಗ್ಲಿಷ್ ಬ್ರೇಕ್‌ಫಾಸ್ಟ್’ ಮಿಶ್ರಣದ ಬೆನ್ನೆಲುಬು ಸಾಮಾನ್ಯವಾಗಿ ಅಸ್ಸಾಂ ಎಲೆ. ಬ್ರಹ್ಮಪುತ್ರ ಬಯಲಿನ ಸೆಕೆ, ಮಳೆಗಳಲ್ಲಿ ಬೆಳೆಯುವ ಈ ಅಗಲ ಎಲೆಯ ತಳಿ ಮೇ–ಜೂನ್‌ನ ಎರಡನೇ ಚಿಗುರಿನಲ್ಲಿ ಮಾಲ್ಟ್‌ನ ಘಮವನ್ನೂ ಗಟ್ಟಿತನವನ್ನೂ ಕೊಡುತ್ತದೆ. ಸಿಲೋನ್ ಎಲೆ ಅದಕ್ಕೆ ಚುರುಕು ತಂದರೆ, ಕೀನ್ಯಾದ್ದು ಬಣ್ಣ ತುಂಬುತ್ತದೆ. ಹವಾಮಾನಕ್ಕೆ ತಕ್ಕಂತೆ ಎಲೆಯ ಗುಣ ಬದಲಾದರೂ ರುಚಿ ಬದಲಾಗದಂತೆ ಬೆರೆಸುವವರ ನಾಲಗೆಯದು ನಿಜಕ್ಕೂ ದೊಡ್ಡ ವಿದ್ಯೆ.

ಕೊಯ್ದ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಹರಡುತ್ತಾರೆ. ಹಸಿರು ಮೆಲ್ಲಗೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಎಲೆಯಲ್ಲಿನ ಕ್ಯಾಟೆಚಿನ್ ಎಂಬ ಸಂಯುಕ್ತಗಳು ಥಿಯಾಫ್ಲಾವಿನ್, ಥಿಯಾರೂಬಿಜಿನ್‌ಗಳಾಗಿ ಮಾರ್ಪಡುತ್ತವೆ. ಚಹಾದ ಕೆಂಪು, ಚುರುಕು ಎರಡೂ ಹುಟ್ಟುವುದು ಇಲ್ಲಿ. ಬಿಸಿಗಾಳಿಯಲ್ಲಿ ಒಣಗಿಸಲು ತಡವಾದರೆ ರುಚಿ ಮಂಕಾಗುತ್ತದೆ.

ಚಹಾವನ್ನು ಸಾವಯವವಾಗಿ ಬೆಳೆಯುವುದೂ ಉಂಟು. ಅಂಥ ತೋಟದಲ್ಲಿ ರಾಸಾಯನಿಕ ಗೊಬ್ಬರದ ಬದಲು ಕಾಂಪೋಸ್ಟ್, ಬೇವಿನ ಹಿಂಡಿ ಬಳಸುತ್ತಾರೆ. ಡಾರ್ಜಿಲಿಂಗ್‌ನ ಮಕಾಯ್‌ಬಾರಿ 1988ರಲ್ಲೇ ಸಾವಯವ ಪ್ರಮಾಣಪತ್ರ ಪಡೆದ ತೋಟ. ಈ ದಾರಿಯಲ್ಲಿ ಇಳುವರಿ ತಗ್ಗುವುದುಂಟು, ಕಳೆ ಕೀಳುವ ದುಡಿಮೆಯೂ ಹೆಚ್ಚು. ಆದರೆ ಕೊಯ್ಲಿನ ನಂತರ ಚಹಾ ಎಲೆಯನ್ನು ತೊಳೆಯುವ ರೂಢಿಯಿಲ್ಲ. ಗಿಡಕ್ಕೆ ಸಿಂಪಡಿಸಿದ್ದರ ಅಂಶ ಎಲೆಯಲ್ಲಿ ಉಳಿಯಬಹುದು. ಹಾಗಾಗಿ ಆ ಶ್ರಮಕ್ಕೆ ಬೆಲೆಯಿದೆ.

ಕುದಿಯುವ ನೀರು ಸುರಿದು 3ರಿಂದ 5 ನಿಮಿಷ ಮುಚ್ಚಿಟ್ಟರೆ ಡಿಕಾಕ್ಷನ್ ಸಿದ್ಧ. ಹಾಲಿನ ಪ್ರೋಟೀನ್ ಒಗರನ್ನು ತಗ್ಗಿಸುತ್ತದೆ. ಖಡಕ್ ಮಿಶ್ರಣವಾದ್ದರಿಂದ ಹಾಲು ಬೆರೆತರೂ ಚಹಾದ ರುಚಿ ಸೋಲುವುದಿಲ್ಲ.