ನೆಗ್ಗು ಬಿದ್ದ ನಾಯಕನ ಪರವಾಗಿ

ಪಿಕ್ಸಾರ್ ಸಂಸ್ಥೆಯ ಅನಿಮೇಷನ್ ಸಿನಿಮಾಗಳನ್ನು ಮೆಚ್ಚುವ ನಾಲ್ಕು ಜನರ ನಡುವೆ ಕೂತು ‘ಕಾರ್ಸ್ 2’ ನನಗಿಷ್ಟ ಎಂದು ಹೇಳಿ ನೋಡಿ. ಮೊದಲು ಒಂದು ಗಳಿಗೆ ಮೌನ, ಆಮೇಲೆ ನಗು. 2011ರಲ್ಲಿ ಜಾನ್ ಲ್ಯಾಸೆಟರ್ ನಿರ್ದೇಶನದಲ್ಲಿ ಬಂದ ಈ ಚಿತ್ರಕ್ಕೆ ಅಂಥ ಹೆಸರು ಅಂಟಿಕೊಂಡಿದೆ. ವಿಮರ್ಶೆಗಳನ್ನು ಒಟ್ಟುಗೂಡಿಸಿ ಅಂಕ ಕೊಡುವ ‘ರಾಟನ್ ಟೊಮ್ಯಾಟೋಸ್’ ತಾಣದಲ್ಲಿ ಪಿಕ್ಸಾರಿನ ಹಿಂದಿನ ಹನ್ನೊಂದು ಚಿತ್ರಗಳೂ ತೇರ್ಗಡೆಯಾಗಿದ್ದವು. ಹನ್ನೆರಡನೆಯದಾದ ಇದು ಶೇಕಡಾ 40ರ ಆಸುಪಾಸಿನಲ್ಲಿ ನಿಂತಿತು. ಆಸ್ಕರ್‌ನಲ್ಲಿ ಅನಿಮೇಷನ್ ಚಿತ್ರಗಳಿಗೆ ಪ್ರತ್ಯೇಕ ವಿಭಾಗ ಶುರುವಾದ ಮೇಲೆ ನಾಮನಿರ್ದೇಶನ ಸಿಗದ ಮೊದಲ ಪಿಕ್ಸಾರ್ ಚಿತ್ರವೂ ಇದೇ.

ವಿಮರ್ಶಕರ ತಕರಾರುಗಳನ್ನು ಮೂರು ಮಾತಿನಲ್ಲಿ ಹೇಳಬಹುದು. ಒಂದು, ಇದು ಆಟಿಕೆ ಮಾರಲು ಮಾಡಿದ ಸಿನಿಮಾ. ಎರಡು, ಗೂಢಚಾರಿ ಕತೆಗೂ ಗೆಳೆತನದ ಕತೆಗೂ ಹೊಂದಿಕೆಯಿಲ್ಲ. ಮೂರು, ಮೊದಲ ಭಾಗದಲ್ಲಿ ನಗಿಸಲೆಂದು ಇದ್ದ ಮೇಟರ್ ಎಂಬ ತುಕ್ಕು ಹಿಡಿದ ಟೋ ಟ್ರಕ್ಕನ್ನು ಇಲ್ಲಿ ನಾಯಕನನ್ನಾಗಿ ಮಾಡಿದ್ದಾರೆ. ಅವನ ಪೆದ್ದುತನವನ್ನು ಪೂರ್ತಿ ಸಿನಿಮಾ ಸಹಿಸುವುದು ಕಷ್ಟ. ಮೊದಲನೆಯದರಲ್ಲಿ ಸತ್ಯವಿದೆ. ಆ ಆಟಿಕೆಗಳ ವ್ಯಾಪಾರ ಎಷ್ಟು ದೊಡ್ಡದೆಂಬುದು ಎಲ್ಲರಿಗೂ ಗೊತ್ತು. ಆದರೆ ಸಿನಿಮಾ ಯಾಕೆ ತಯಾರಾಯಿತು ಎನ್ನುವುದು ಒಂದು ಪ್ರಶ್ನೆ, ತಯಾರಾದ ಸಿನಿಮಾದಲ್ಲಿ ಏನಿದೆ ಎನ್ನುವುದು ಇನ್ನೊಂದು. ನನ್ನ ವಾದವಿರುವುದು ಉಳಿದೆರಡು ತಕರಾರುಗಳ ಬಗ್ಗೆ.

ಕತೆಯ ಎಳೆ ಹೀಗಿದೆ. ರೇಸ್ ಕಾರು ಲೈಟ್ನಿಂಗ್ ಮೆಕ್ವೀನ್ ‘ವರ್ಲ್ಡ್ ಗ್ರ್ಯಾಂಡ್ ಪ್ರಿ’ ಪಂದ್ಯಕ್ಕೆ ಹೊರಡುತ್ತಾನೆ, ಜೊತೆಗೆ ಊರಿನ ಗೆಳೆಯ ಮೇಟರ್. ಆಲಿನಾಲ್ ಎಂಬ ಹೊಸ ಬದಲಿ ಇಂಧನದ ಪ್ರಚಾರಕ್ಕಾಗಿ ಸರ್ ಮೈಲ್ಸ್ ಆಕ್ಸಲ್‌ರಾಡ್ ಎಂಬ ಶ್ರೀಮಂತ ಕಾರು ಈ ಪಂದ್ಯ ಏರ್ಪಡಿಸಿದೆ. ತಾನೀಗ ಪೆಟ್ರೋಲು ಬಿಟ್ಟು ವಿದ್ಯುತ್ತಿಗೆ ಬದಲಾಗಿದ್ದೇನೆ ಎನ್ನುವುದು ಅವನ ಹೆಗ್ಗಳಿಕೆ. ಟೋಕಿಯೋದ ಔತಣಕೂಟದಲ್ಲಿ ಮೇಟರ್ ವಾಸಾಬಿಯನ್ನು ಪಿಸ್ತಾ ಐಸ್‌ಕ್ರೀಂ ಎಂದು ತಿಳಿದು ಬಾಯಿ ತುಂಬ ತಿನ್ನುತ್ತಾನೆ, ಉರಿ ತಾಳಲಾರದೆ ವೇದಿಕೆಗೆ ನುಗ್ಗುತ್ತಾನೆ. ಅಷ್ಟರಲ್ಲಿ ನೆಲದ ಮೇಲೆ ಎಣ್ಣೆ ಸೋರಿರುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ತಾನು ಯಾವತ್ತೂ ಎಣ್ಣೆ ಸೋರುವವನಲ್ಲ ಎಂದು ಮೇಟರ್ ಹೇಳುತ್ತಾನೆ. ಮೆಕ್ವೀನ್ ನಂಬುವುದಿಲ್ಲ. ದೊಡ್ಡವರ ಎದುರು ಹಳ್ಳಿಯ ಗೆಳೆಯನಿಂದ ಮುಜುಗರವಾದಾಗ ಯಾರಾದರೂ ಮಾಡುವುದನ್ನೇ ಅವನೂ ಮಾಡುತ್ತಾನೆ: ತಗ್ಗಿದ ದನಿಯಲ್ಲಿ ಗದರುತ್ತಾನೆ.

ಆ ಎಣ್ಣೆಯನ್ನು ನೆನಪಿಡಿ. ಸೋರಿದ್ದು ಆಕ್ಸಲ್‌ರಾಡ್. ವಿದ್ಯುತ್ ಕಾರು ಎಣ್ಣೆ ಸೋರುವುದಿಲ್ಲ. ಸೋರಿದೆಯೆಂದರೆ ಹೇಳಿದ್ದು ಸುಳ್ಳು. ಬದಲಿ ಇಂಧನಕ್ಕೆ ಕೆಟ್ಟ ಹೆಸರು ತಂದು ಜಗತ್ತನ್ನು ಮತ್ತೆ ಎಣ್ಣೆಯತ್ತ ತಿರುಗಿಸುವ ಸಂಚಿನ ಹಿಂದೆ ಇರುವವನು ಅವನೇ. ಕೊನೆಗೆ ಲಂಡನ್ನಿನಲ್ಲಿ ಮೇಟರ್ ಇದನ್ನು ಬಯಲು ಮಾಡುತ್ತಾನೆ. ಅಂದರೆ ಗೆಳೆತನ ಮುರಿದ ಗಳಿಗೆಯೂ ಪತ್ತೇದಾರಿಯ ಮುಖ್ಯ ಸುಳಿವೂ ನೆಲದ ಮೇಲಿನ ಅದೇ ಎಣ್ಣೆಯ ಕಲೆ. ಮೆಕ್ವೀನ್ ಆ ಸಂಜೆ ಗೆಳೆಯನ ಮಾತನ್ನು ನಂಬಿದ್ದರೆ ಸಂಚು ಅಲ್ಲೇ ಬಯಲಾಗುತ್ತಿತ್ತೋ ಏನೋ. ಎರಡು ಕತೆಗಳು ಬೆಸೆದಿಲ್ಲ ಎನ್ನುವವರು ಈ ಬೆಸುಗೆಯನ್ನು ನೋಡಿಲ್ಲ.

ಇನ್ನು ಮೇಟರನ ಪೆದ್ದುತನ. ಬ್ರಿಟಿಷ್ ಗೂಢಚಾರಿ ಫಿನ್ ಮೆಕ್‌ಮಿಸೈಲ್ ಅವನನ್ನು ವೇಷ ಮರೆಸಿಕೊಂಡ ಅಮೆರಿಕದ ಗೂಢಚಾರಿ ಎಂದು ತಪ್ಪು ತಿಳಿಯುತ್ತಾನೆ. ಹಾಗಾಗಿ ಅವನ ಪೆದ್ದ ಮಾತುಗಳೆಲ್ಲ ಫಿನ್‌ಗೆ ಅದ್ಭುತ ಅಭಿನಯವಾಗಿ ಕಾಣುತ್ತವೆ. ಜನ ಪೆದ್ದನನ್ನು ನೋಡಿ ನಗುವುದರಲ್ಲೇ ಮುಳುಗಿರುವುದರಿಂದ ತಾವು ಮೋಸಹೋಗುವುದು ಅವರಿಗೆ ತಿಳಿಯುವುದಿಲ್ಲ ಎಂದು ಮೆಚ್ಚಿ ಹೇಳುತ್ತಾನೆ. ಹೊಗಳಿಕೆಯಾಗಿ ಬಂದ ಆ ಮಾತು ಮೇಟರನನ್ನು ಇರಿಯುತ್ತದೆ. ತಾನು ನಟಿಸುತ್ತಿಲ್ಲ, ಹಾಗಾದರೆ ಇಷ್ಟು ದಿನ ಎಲ್ಲರೂ ನಕ್ಕಿದ್ದು ತನ್ನ ಜೊತೆಯಲ್ಲ, ತನ್ನನ್ನು ನೋಡಿ. ಮುಂದೆ ಹಳೆಯ ಘಟನೆಗಳು ಅವನ ನೆನಪಿನಲ್ಲಿ ಮರಳುವಾಗ ಆ ನಗುವಿನ ಸದ್ದೇ ಬೇರೆಯಾಗಿ ಕೇಳಿಸುತ್ತದೆ. ಅಲ್ಲಿಯವರೆಗೆ ಅವನನ್ನು ನೋಡಿ ನಕ್ಕಿದ್ದ ಪ್ರೇಕ್ಷಕರೂ ಆ ಸಾಲಿನಲ್ಲಿ ಸೇರಿದ್ದಾರೆ. ಮೇಟರ್ ಅಸಹನೀಯ ಎಂದು ಬರೆದವರು ತಮಗರಿವಿಲ್ಲದೆ ಟೋಕಿಯೋದ ಆ ಔತಣಕೂಟದ ಅತಿಥಿಗಳ ಮಾತನ್ನೇ ಆಡಿದ್ದಾರೆ.

ಖಳರು ಯಾರೆಂದು ಗಮನಿಸಿ. ಕೊಂಡ ಮೇಲೆ ಬರೀ ರಿಪೇರಿಗೆ ಹೋಗುವ ಕಾರನ್ನು ಅಮೆರಿಕನ್ನರು ‘ಲೆಮನ್’ ಎನ್ನುತ್ತಾರೆ. ಸಂಚುಕೋರರೆಲ್ಲ ಅಂಥವರೇ. 1970ರಲ್ಲಿ ಬಂದ ಗ್ರೆಮ್ಲಿನ್, 1975ರ ಪೇಸರ್ ಮಾದರಿಯ ಕಾರುಗಳು ಗುಂಪಿನಲ್ಲಿವೆ. ನಿಜಜೀವನದಲ್ಲೂ ಇವು ದಶಕಗಳಿಂದ ನಗೆಪಾಟಲಾದ ಮಾದರಿಗಳು. ಇಟಲಿಯಲ್ಲಿ ನಡೆಯುವ ಗುಪ್ತ ಸಭೆಯಲ್ಲಿ ಅವರ ನಾಯಕ ಜಗತ್ತು ತಮ್ಮನ್ನು ಕರೆದ ಹೀನ ಹೆಸರುಗಳನ್ನೆಲ್ಲ ಪಟ್ಟಿ ಮಾಡುತ್ತಾನೆ. ವೇಷ ಹಾಕಿಕೊಂಡ ಮೇಟರ್ ಅಲ್ಲೇ ನಿಂತು ಕೇಳುತ್ತಿದ್ದಾನೆ, ಅವನ ಮೈಮೇಲೂ ಅದೇ ತುಕ್ಕು. ಅವಮಾನ ಅವರನ್ನು ಸೇಡಿಗೆ ಕರೆದೊಯ್ದಿತು. ಅವನನ್ನು ಯಾಕೆ ಒಯ್ಯಲಿಲ್ಲ? ಸಿನಿಮಾ ಇದಕ್ಕೆ ಉತ್ತರವನ್ನು ಮೊದಲೇ ಇಟ್ಟಿದೆ. ವೇಷ ಹಾಕುವ ಮುನ್ನ ಮೈಮೇಲಿನ ನೆಗ್ಗುಗಳನ್ನು ಸರಿಮಾಡಲು ಹೊರಟಾಗ ಮೇಟರ್ ಒಪ್ಪುವುದಿಲ್ಲ. ಅವು ಗೆಳೆಯನ ಜೊತೆ ಇದ್ದಾಗ ಬಿದ್ದ ನೆಗ್ಗುಗಳು, ಅವನಿಗೆ ಅವು ಬೇಕು.

ಅವನು ಗೆಲ್ಲುವುದೂ ಅದೃಷ್ಟದಿಂದಲ್ಲ. ಒಂದು ಎಂಜಿನ್ನಿನ ಫೋಟೋ ನೋಡಿ ಅದರ ಬೋಲ್ಟುಗಳು ವಿಟ್‌ವರ್ತ್ ಅಳತೆಯ ಹಳೆಯ ಬ್ರಿಟಿಷ್ ಬೋಲ್ಟುಗಳೆಂದು ಗುರುತಿಸುತ್ತಾನೆ. ಹಳೆಯ, ಕೆಟ್ಟ ಗಾಡಿಗಳ ನಡುವೆ ಬದುಕಿದವನಿಗೆ ಮಾತ್ರ ದಕ್ಕುವ ತಿಳಿವಳಿಕೆ ಅದು. ಇಂಗ್ಲೆಂಡಿನ ಗೂಢಚಾರಿಗಳ ಬಳಿ ಎಲ್ಲ ಯಂತ್ರಗಳೂ ಇವೆ, ಈ ತಿಳಿವಳಿಕೆ ಇಲ್ಲ.

ಕುಂದುಗಳಿಲ್ಲವೆಂದು ಹೇಳಲಾರೆ. ಬೆನ್ನಟ್ಟುವ, ಗುಂಡು ಹಾರಿಸುವ ದೃಶ್ಯಗಳು ಬೇಕಾದ್ದಕ್ಕಿಂತ ಹೆಚ್ಚು. ಮಕ್ಕಳ ಚಿತ್ರಕ್ಕೆ ಕೆಲವು ಸಾವುಗಳು ಕ್ರೂರವಾಗಿವೆ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಮೇಟರನಿಗೆ ತೋರಿದ ಕರುಣೆಯ ಒಂದು ಪಾಲನ್ನೂ ಆ ಲೆಮನ್‌ಗಳಿಗೆ ಚಿತ್ರ ತೋರುವುದಿಲ್ಲ. ಅವರ ನೋವನ್ನು ಕೇಳಿಸಿ, ಮರುಕ್ಷಣವೇ ಅವರನ್ನು ಹೊಡೆದುರುಳಿಸಲು ಓಡುತ್ತದೆ. ಇಲ್ಲಿ ವಿಮರ್ಶಕರು ಜೋರಾಗಿ ಪ್ರಶ್ನಿಸಬೇಕಿತ್ತು. ಆದರೆ ನಾಯಕನನ್ನೇ ಗಂಭೀರವಾಗಿ ತೆಗೆದುಕೊಳ್ಳದವರಿಗೆ ಆ ಪ್ರಶ್ನೆ ಹೊಳೆಯುವುದು ಕಷ್ಟ. ಅಂಥವರ ನಡುವೆ ರೋಜರ್ ಈಬರ್ಟ್ ನಾಲ್ಕಕ್ಕೆ ಮೂರೂವರೆ ನಕ್ಷತ್ರ ಕೊಟ್ಟು ಚಿತ್ರವನ್ನು ಮೆಚ್ಚಿದ್ದರು.

2017ರಲ್ಲಿ ಬಂದ ‘ಕಾರ್ಸ್ 3’ ಮತ್ತೆ ಮೆಕ್ವೀನ್‌ನ ಕತೆಯಾಯಿತು, ಗೂಢಚಾರಿಕೆಯ ಸುದ್ದಿಯೇ ಇರಲಿಲ್ಲ. ಮೇಟರ್ ಮತ್ತೆ ಊರಿನ ನಗೆಗಾರನಾಗಿ ಮೂಲೆ ಸೇರಿದ. ವಿಮರ್ಶೆಗಳೂ ಸುಧಾರಿಸಿದವು.