ವಿಯೆಟ್ನಾಂ ಬೀದಿಯೂಟ: ರಸಿಕರಿಗೊಂದು ಕೈಪಿಡಿ

ವಿಯೆಟ್ನಾಮಿನ ಬೀದಿ ಅಂಗಡಿಯಲ್ಲಿ ಅಡುಗೆ ಎರಡು ಕಡೆ ನಡೆಯುತ್ತದೆ. ಮುಕ್ಕಾಲು ಪಾಲು ಒಲೆಯ ಮೇಲೆ, ಉಳಿದ ಕಾಲು ಪಾಲು ಗಿರಾಕಿಯ ಬಟ್ಟಲಿನಲ್ಲಿ. ನಿಂಬೆ ಹಿಂಡುವುದು, ಸೊಪ್ಪು ಹರಿದು ಹಾಕುವುದು, ಮೆಣಸಿನಕಾಯಿ ಎಷ್ಟು ಬೇಕೆಂದು ನೋಡಿಕೊಳ್ಳುವುದು, ಯಾವುದನ್ನು ಯಾವುದರಲ್ಲಿ ಅದ್ದಬೇಕೆಂದು ತಿಳಿಯುವುದು ಎಲ್ಲವೂ ತಿನ್ನುವವರ ಕೆಲಸ. ಮೊದಲ ಸಲ ಹೋದವರಲ್ಲಿ ಕೆಲವರು ಈ ಊಟ ಸಪ್ಪೆ ಎನ್ನುವುದುಂಟು. ಅವರು ತಮ್ಮ ಪಾಲಿನ ಅಡುಗೆ ಮುಗಿಸದೆ ತಿಂದಿರುತ್ತಾರೆ.

ದರ್ಶಿನಿಯ ಗೋಡೆ ತುಂಬ ಬರೆದ ತಿಂಡಿ ಪಟ್ಟಿಗೆ ಒಗ್ಗಿದವರಿಗೆ ಅಲ್ಲಿ ಮೊದಲು ಅಚ್ಚರಿ ತರುವುದು ಅಂಗಡಿಯ ಜಿಪುಣತನ. ಒಂದು ಅಂಗಡಿ, ಒಂದು ತಿಂಡಿ. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿರುವುದೇ ಒಳಗೆ ಸಿಗುವುದು. ಬೇರೆಯದು ಬೇಕಾದರೆ ಪಕ್ಕದ ಅಂಗಡಿಗೆ ನಡೆಯಬೇಕು. ಆ ಒಂದೇ ತಿಂಡಿಯನ್ನು ದಿನವೂ, ಎಷ್ಟೋ ಕಡೆ ಎರಡು ಮೂರು ತಲೆಮಾರು, ಮಾಡಿದ ಕೈಯ ಹದ ಅದರಲ್ಲಿರುತ್ತದೆ. ಹೊತ್ತೂ ಹಾಗೆಯೇ ನಿಗದಿ. ಮೂಳೆ ಸಾರಿನ ಶಾವಿಗೆಯಾದ ಫೋ ಮುಖ್ಯವಾಗಿ ಬೆಳಗಿನದು. ಸುಟ್ಟ ಹಂದಿಮಾಂಸದ ಬುನ್ ಚಾ ಮಧ್ಯಾಹ್ನದ್ದು. ಬಸವನಹುಳು, ಚಿಪ್ಪುಮೀನುಗಳ ಅಂಗಡಿಗಳು ಸಂಜೆಯ ಮೇಲೆ ಸ್ಟೂಲು ಹಾಕುತ್ತವೆ. ಒಳ್ಳೆಯ ಫೋ ಅಂಗಡಿಗೆ ಹನ್ನೊಂದು ಗಂಟೆಗೆ ಹೋದರೆ ಅಂಗಡಿಯಾಕೆ ಪಾತ್ರೆ ತೊಳೆಯುತ್ತಿರಬಹುದು.

ಬೋರ್ಡು ಓದುವುದು ಅಂದುಕೊಂಡಷ್ಟು ಕಷ್ಟವಲ್ಲ. ವಿಯೆಟ್ನಾಮೀಸ್ ಭಾಷೆಯ ಇಂದಿನ ಬರಹ ರೋಮನ್ ಲಿಪಿಯದು, ಮೇಲೆ ಕೆಳಗೆ ಸ್ವರಚಿಹ್ನೆಗಳ ಸಾಲು. ಕನ್ನಡಿಗರಿಗೆ ಒಂದು ಅನುಕೂಲವೂ ಇದೆ. ಒಂದನೇ ತರಗತಿಯಲ್ಲಿ ಕಲಿತು ಆಮೇಲೆಂದೂ ಬಳಸದ ಙ, ಞ ಅಕ್ಷರಗಳಿಗೆ ಅಲ್ಲಿ ಕೈತುಂಬ ಕೆಲಸ. 'ರುಚಿ' ಎನ್ನಲು 'ಙೊನ್'. ಹಿಟ್ಟಿನಿಂದ ಮಾಡಿದ ರೊಟ್ಟಿ, ದೋಸೆ, ಕಡುಬುಗಳಿಗೆಲ್ಲ ಒಂದೇ ಹೆಸರು, 'ಬಾಞ್'. ಹೆಸರಿನ ಮೊದಲ ಪದ ತಿಂಡಿಯ ಜಾತಿ ಹೇಳುತ್ತದೆ, ಮುಂದಿನದು ಅದರೊಳಗೇನಿದೆ ಎಂದು ತಿಳಿಸುತ್ತದೆ: ಬೊ ಎಂದರೆ ದನದ ಮಾಂಸ, ಗಾ ಕೋಳಿ, ಕಾ ಮೀನು, ತೋಮ್ ಸೀಗಡಿ. ಹಂದಿಗೆ ಉತ್ತರದಲ್ಲಿ ಲೊನ್, ದಕ್ಷಿಣದಲ್ಲಿ ಹೆಯೊ. ಇಷ್ಟು ತಿಳಿದರೆ ತಿನ್ನುವುದನ್ನೂ ಬಿಡುವುದನ್ನೂ ಅರ್ಧ ಗೊತ್ತುಮಾಡಿಕೊಂಡಂತೆ.

ಕೂರಲು ಮೊಳದೆತ್ತರದ ಪ್ಲಾಸ್ಟಿಕ್ ಸ್ಟೂಲು, ಮುಂದೆ ಅಷ್ಟೇ ಗಿಡ್ಡ ಮೇಜು. ಮೊಣಕಾಲು ಎದೆಗೆ ಬಂದರೂ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಅಂಗಡಿಯವರನ್ನು ಕರೆಯುವುದು ಸಂಬಂಧದ ಹೆಸರಿನಿಂದ. ತುಸು ಹಿರಿಯ ಹೆಂಗಸಾದರೆ 'ಚಿ ಓಯ್', ಅಂದರೆ 'ಅಕ್ಕಾ'. ಗಂಡಸಾದರೆ 'ಆಞ್ ಓಯ್', 'ಅಣ್ಣಾ'. ಚಿಕ್ಕವರಾದರೆ 'ಎಮ್ ಓಯ್'. ಸಂತೆಯಲ್ಲಿ ಸೊಪ್ಪಿನವಳನ್ನು ಅಕ್ಕಾ ಎಂದು ಕರೆದು ಅಭ್ಯಾಸವಿದ್ದವರಿಗೆ ಇದನ್ನು ಹೊಸದಾಗಿ ಕಲಿಸಬೇಕಿಲ್ಲ.

ಫೋ ಈ ಊಟದ ಹೆಬ್ಬಾಗಿಲು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಉತ್ತರದ ನಾಮ್ ದಿಞ್ ಮತ್ತು ಹನೋಯಿ ಸುತ್ತಮುತ್ತ ಇದು ರೂಪುಗೊಂಡಿತು. ಅಲ್ಲಿಯವರೆಗೆ ದನ ಮುಖ್ಯವಾಗಿ ಉಳುವ ಪ್ರಾಣಿ. ಫ್ರೆಂಚರ ಆಳ್ವಿಕೆಯಲ್ಲಿ ದನದ ಮಾಂಸಕ್ಕೆ ಬೇಡಿಕೆ ಬಂತು, ಉಳಿದ ಮೂಳೆಗಳು ಅಗ್ಗಕ್ಕೆ ಸಿಕ್ಕವು, ಅಡ್ಡೆ ಹೊತ್ತು ಮಾರುವವರು ಅದರಿಂದ ಸಾರು ಕಾಯಿಸಿದರು. ಅಡ್ಡೆಯ ಒಂದು ತುದಿಯಲ್ಲಿ ಕೆಂಡದ ಒಲೆ ಮತ್ತು ಹಂಡೆ, ಇನ್ನೊಂದರಲ್ಲಿ ಬಟ್ಟಲು, ಶಾವಿಗೆ. ಹೆಸರು ಫ್ರೆಂಚಿನ 'ಫ಼' (ಬೆಂಕಿ) ಎಂಬುದರಿಂದ ಬಂತು ಎನ್ನುವವರೂ ಇದ್ದಾರೆ, ಚೀನೀ ವ್ಯಾಪಾರಿಗಳ ಅಕ್ಕಿ ಶಾವಿಗೆಯ ಹೆಸರಿನಿಂದ ಎನ್ನುವವರೂ ಇದ್ದಾರೆ. 2024ರಲ್ಲಿ ಹನೋಯಿ ಮತ್ತು ನಾಮ್ ದಿಞ್ ಫೋಗಳನ್ನು ಅಲ್ಲಿನ ಸರ್ಕಾರ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಸಾರಿನ ಗುಟ್ಟು ತಾಳ್ಮೆಯಲ್ಲಿದೆ. ಮೂಳೆಗಳು ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯುತ್ತವೆ. ಕುದಿ ಜೋರಾದರೆ ಸಾರು ಕದಡುತ್ತದೆ. ಶುಂಠಿ, ಈರುಳ್ಳಿಗಳನ್ನು ಕೆಂಡದಲ್ಲಿ ಸಿಪ್ಪೆ ಕರಿಯಾಗುವಷ್ಟು ಸುಟ್ಟು ಹಾಕುತ್ತಾರೆ. ಚಕ್ರಮೊಗ್ಗು, ಚಕ್ಕೆ, ಲವಂಗ, ಕಪ್ಪು ಏಲಕ್ಕಿಗಳನ್ನು ಹುರಿದು ಬಟ್ಟೆಯಲ್ಲಿ ಕಟ್ಟಿ ಇಳಿಬಿಡುತ್ತಾರೆ. ನಮ್ಮ ಗರಂ ಮಸಾಲೆಯ ಡಬ್ಬಿಯೇ ಇದು, ಆದರೆ ಇಲ್ಲಿ ಮಸಾಲೆ ಅರೆದು ಬೆರೆಯುವುದಿಲ್ಲ, ಪರಿಮಳವನ್ನಷ್ಟೇ ಬಿಟ್ಟು ಹೊರಬರುತ್ತದೆ. ಬಟ್ಟಲು ಮುಂದೆ ಬಂದಾಗ ಮೊದಲ ಕೆಲಸ ಏನೂ ಹಾಕದೆ ಒಂದು ಚಮಚ ಸಾರು ಕುಡಿಯುವುದು. ಬಂದ ಕೂಡಲೇ ಸಾಸ್ ಸುರಿಯುವುದು ಅಡುಗೆಯಾಕೆಯ ಕಣ್ಣೆದುರೇ ಅವಳ ಹತ್ತು ಗಂಟೆಯ ಕೆಲಸವನ್ನು ಅಳಿಸಿದಂತೆ.

ಹನೋಯಿಯ ಫೋ ಮಿತಭಾಷಿ: ತಿಳಿಸಾರು, ಅಗಲ ಶಾವಿಗೆ, ಮಾಂಸ, ಈರುಳ್ಳಿ ಸೊಪ್ಪು. ಮೇಜಿನ ಮೇಲೆ ಬೆಳ್ಳುಳ್ಳಿ ನೆನೆಸಿದ ವಿನೆಗರ್, ಮೆಣಸಿನಕಾಯಿ. ಜೊತೆಗೆ ಅದ್ದಿ ತಿನ್ನಲು 'ಕ್ವೆಯ್' ಎಂಬ ಕರಿದ ಹಿಟ್ಟಿನ ಕಡ್ಡಿ. 1954ರಲ್ಲಿ ದೇಶ ಎರಡಾದಾಗ ಉತ್ತರದಿಂದ ವಲಸೆ ಹೋದವರೊಡನೆ ಫೋ ಸೈಗಾನಿನಲ್ಲಿ ಬೇರೂರಿ ಅಲ್ಲಿನ ಗುಣ ಹಿಡಿಯಿತು. ಸಾರು ಸಿಹಿಯಾಯಿತು, ಪಕ್ಕಕ್ಕೆ ತಟ್ಟೆ ತುಂಬ ಸೊಪ್ಪು, ಮೊಳಕೆ ಹೆಸರುಕಾಳು, ಕಪ್ಪು ಸಿಹಿ ಸೋಯಾ ಸಾಸ್ ಬಂದು ಕೂತವು. ಯಾವುದು ನಿಜವಾದ ಫೋ ಎಂಬ ಜಗಳದಲ್ಲಿ ಹೊರಗಿನವರು ತಲೆಹಾಕದಿರುವುದು ಲೇಸು.

ಸೊಪ್ಪಿನ ತಟ್ಟೆ ಅಲಂಕಾರವಲ್ಲ, ತರಕಾರಿಯೇ ಅದು. ಕೈಯಿಂದ ಹರಿದು ಬಟ್ಟಲಿಗೆ ಹಾಕಬೇಕು, ಇಲ್ಲವೇ ತುತ್ತಿಗೊಂದರಂತೆ ಕಚ್ಚಬೇಕು. 'ಙೊ ಗಾಯ್' ಎಂಬುದು ಗರಗಸದಂಚಿನ ಉದ್ದೆಲೆ, ಮಲೆನಾಡಿನ ಹಿತ್ತಲುಗಳಲ್ಲಿ ಬೆಳೆಯುವ ಕಾಡುಕೊತ್ತಂಬರಿಯೇ. 'ತಿಯಾ ತೋ' ಒಂದು ಬದಿ ಹಸಿರು, ಇನ್ನೊಂದು ಬದಿ ನೇರಳೆ. 'ರೌ ರಮ್' ಖಾರದ ಅಂಚುಳ್ಳ ಎಲೆ. 'ಜಿಯೆಪ್ ಕಾ' ಮಾತ್ರ ಹಸಿಮೀನಿನ ವಾಸನೆ ಸೂಸುವ ಎಲೆ. ಸಸ್ಯಾಹಾರಿಗಳು ಇದನ್ನು ಬಾಯಿಗಿಟ್ಟು ಗಾಬರಿಯಾಗುವುದುಂಟು, ಅದು ಬರೀ ಸೊಪ್ಪೇ. ಹನೋಯಿಯಲ್ಲಿ ಸಬ್ಬಸಿಗೆಯೂ ಕಾಣುತ್ತದೆ. 'ಚಾ ಕಾ' ಎಂಬ ಅರಿಸಿನ ಹಚ್ಚಿದ ಮೀನಿನ ಬಾಣಲೆಗೆ ಅದನ್ನು ಹಿಡಿಗಟ್ಟಲೆ ಸುರಿಯುತ್ತಾರೆ. ಆ ಖಾದ್ಯದ ಖ್ಯಾತಿಯಿಂದ ಹಳೆಯ ಪೇಟೆಯ ಒಂದು ಬೀದಿಯೇ ತನ್ನ ಹೆಸರು ಕಳೆದುಕೊಂಡು ಚಾ ಕಾ ಬೀದಿಯಾಗಿದೆ.

ಉಪ್ಪಿನ ಜಾಗದಲ್ಲಿರುವುದು 'ನುಅಕ್ ಮಮ್', ಮೀನಿನ ರಸ. ಸಣ್ಣ ಕಡಲಮೀನಿನ ಮೂರು ಪಾಲಿಗೆ ಒಂದು ಪಾಲು ಉಪ್ಪು ಬೆರೆಸಿ ಮರದ ದೊಡ್ಡ ಪೀಪಾಯಿಗಳಲ್ಲಿ ವರ್ಷದ ಮಟ್ಟಿಗೆ ಬಿಟ್ಟರೆ ತಳದಿಂದ ಕಂದುಬಣ್ಣದ ತಿಳಿ ಇಳಿಯುತ್ತದೆ. ಫು ಕ್ವೋಕ್ ದ್ವೀಪ ಮತ್ತು ಫಾನ್ ತಿಯೆತ್ ಇದಕ್ಕೆ ಹೆಸರಾದವು. ಬಾಟಲಿಯ ವಾಸನೆ ನೋಡಿ ಹೆದರಿದವರು ಅದಕ್ಕೆ ನಿಂಬೆ, ಸಕ್ಕರೆ, ನೀರು, ಜಜ್ಜಿದ ಬೆಳ್ಳುಳ್ಳಿ, ಮೆಣಸಿನಕಾಯಿ ಸೇರಿದ ಮೇಲೆ ಮತ್ತೆ ನೋಡಬೇಕು. ಹುಳಿ, ಸಿಹಿ, ಉಪ್ಪು, ಖಾರ ನಾಲ್ಕೂ ಒಂದೇ ಬಟ್ಟಲಲ್ಲಿ ನಿಲ್ಲುತ್ತವೆ. ಈ ಅದ್ದುರಸವೇ 'ನುಅಕ್ ಚಮ್'.

ಅದರ ಅತ್ಯುತ್ತಮ ಪಾಠ ಬುನ್ ಚಾ. ಬುನ್ ಎಂದರೆ ಉರುಟು ಶಾವಿಗೆ. ಅಕ್ಕಿ ಹಿಟ್ಟನ್ನು ತೂತುಗಳಿಂದ ಒತ್ತಿ ಕುದಿನೀರಿಗೆ ಬಿಟ್ಟದ್ದು, ನಮ್ಮ ಒತ್ತು ಶಾವಿಗೆಯ ಹತ್ತಿರದ ನೆಂಟ. ಫೋ ಶಾವಿಗೆ ಹಾಗಲ್ಲ. ಅದು ಹಬೆಯಲ್ಲಿ ಬೆಂದ ತೆಳುಹಾಳೆಯಿಂದ ಕತ್ತರಿಸಿದ ಪಟ್ಟಿ. ಬುನ್ ಚಾದಲ್ಲಿ ಕೆಂಡದ ಮೇಲೆ ಸುಟ್ಟ ಹಂದಿಮಾಂಸ ಬೆಚ್ಚನೆಯ ಅದ್ದುರಸದಲ್ಲಿ ತೇಲುತ್ತ ಬರುತ್ತದೆ, ಶಾವಿಗೆ ಮತ್ತು ಸೊಪ್ಪು ಬೇರೆ ತಟ್ಟೆಗಳಲ್ಲಿ. ಎಲ್ಲವನ್ನೂ ಒಟ್ಟಿಗೆ ಸುರಿಯಬಾರದು. ಒಂದೊಂದು ತುತ್ತಿನಷ್ಟು ಶಾವಿಗೆಯನ್ನು ರಸಕ್ಕೆ ಅದ್ದಿ ಎತ್ತಬೇಕು. 2016ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮಾ ಮತ್ತು ಅಡುಗೆ ಲೇಖಕ ಆಂಟನಿ ಬೋರ್ಡೇನ್ ಹನೋಯಿಯ ಹುಅಂಗ್ ಲಿಯೆನ್ ಎಂಬ ಅಂಗಡಿಯಲ್ಲಿ ಇಂಥದೇ ಸ್ಟೂಲಿನ ಮೇಲೆ ಕೂತು ತಿಂದರು. ಇಬ್ಬರ ಬಿಲ್ಲು ಆರು ಡಾಲರ್. ಆ ಮೇಜು ಈಗ ಗಾಜಿನ ಪೆಟ್ಟಿಗೆಯೊಳಗಿದೆ.

ನಡುನಾಡಿಗೆ ಇಳಿದರೆ ಖಾರ ಏರುತ್ತದೆ. ಹ್ವೇ 1802ರಿಂದ 1945ರವರೆಗೆ ಙುಯೆನ್ ಅರಸರ ರಾಜಧಾನಿ. ಅಲ್ಲಿನ 'ಬುನ್ ಬೊ ಹ್ವೇ' ಮಜ್ಜಿಗೆಹುಲ್ಲು, ಸೀಗಡಿ ಗೊಜ್ಜು, ಮೆಣಸಿನಕಾಯಿ ಎಣ್ಣೆಗಳ ಕೆಂಪು ಸಾರು; ಆಂಧ್ರ ಗಡಿಯ ಕನ್ನಡಿಗರಿಗೆ ಮನೆಗೆ ಬಂದಂತಾದೀತು. ಅದೇ ಊರಿನ 'ಬಾಞ್ ಬೆಯೊ' ಅಂಗೈಗಿಂತ ಚಿಕ್ಕ ಬಟ್ಟಲಿನಲ್ಲಿ ಹಬೆಗಿಟ್ಟ ಅಕ್ಕಿಹಿಟ್ಟಿನ ಪದರ, ಮೇಲೆ ಒಣಸೀಗಡಿಯ ಪುಡಿ. ಹೋಯಿ ಆನ್ ಊರಿನ 'ಕಾವ್ ಲೌ' ಶಾವಿಗೆಯನ್ನು ಬೂದಿನೀರಲ್ಲಿ ನೆನೆಸಿದ ಅಕ್ಕಿಯಿಂದ ಮಾಡುತ್ತಾರೆ. ನೀರು ಬಾ ಲೇ ಎಂಬ ಹಳೆಯ ಬಾವಿಯದೇ ಆಗಬೇಕೆಂಬುದು ಸಂಪ್ರದಾಯ.

ಇನ್ನೂ ದಕ್ಷಿಣಕ್ಕೆ, ಫಾನ್ ರಾಂಗ್ ಕಡೆ, ಕನ್ನಡಿಗರು ನಿಂತು ನೋಡಲೇಬೇಕಾದ ತಿಂಡಿ 'ಬಾಞ್ ಕನ್'. ಕೆಂಡದ ಒಲೆಯ ಮೇಲೆ ಮಣ್ಣಿನ ದುಂಡು ತಟ್ಟೆ, ಅದರಲ್ಲಿ ಸಾಲಾಗಿ ಗುಳಿಗಳು, ಗುಳಿಗೊಂದು ಮಣ್ಣಿನ ಮುಚ್ಚಳ. ಅಂಗಡಿಯಾಕೆ ಅಕ್ಕಿಹಿಟ್ಟು ಹೊಯ್ದು, ಮುಚ್ಚಳ ಮುಚ್ಚಿ, ಒಂದು ಸುತ್ತು ಮುಗಿಸುವಷ್ಟರಲ್ಲಿ ಮೊದಲ ಗುಳಿಯದು ಬೆಂದಿರುತ್ತದೆ. ತೆಳು ಸಲಾಕೆಯಿಂದ ಅಂಚು ಬಿಡಿಸಿ, ಎರಡನ್ನು ಎದುರುಬದುರು ಜೋಡಿಸಿ ತಟ್ಟೆಗೆ ಹಾಕುತ್ತಾಳೆ. ಪಡ್ಡು ಎನ್ನದೆ ಬೇರೇನು ಅನ್ನಬೇಕು? ಒಗ್ಗರಣೆ ಮಾತ್ರ ಇಲ್ಲ. ಮೇಲೆ ಮೊಟ್ಟೆ ಅಥವಾ ಸೀಗಡಿ, ಈರುಳ್ಳಿ ಸೊಪ್ಪಿನ ಎಣ್ಣೆ. ಇದು ಚಾಮ್ ಜನರ ಸೀಮೆ. ಭದ್ರೇಶ್ವರನೆಂಬ ಹೆಸರಿನಲ್ಲಿ ಶಿವನನ್ನು ಪೂಜಿಸಿ, ಸಂಸ್ಕೃತದಲ್ಲಿ ಶಾಸನ ಬರೆಸಿದ ಚಂಪಾ ರಾಜ್ಯದವರ ವಂಶಸ್ಥರು ಇವರು. ಇವರ ಕುಂಬಾರಿಕೆ 2022ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ಹಾಗೆಂದು ಪಡ್ಡುವಿಗೆ ವಂಶವೃಕ್ಷ ಬರೆಯುವ ಆತುರ ಬೇಡ. ಅಕ್ಕಿ, ಮಣ್ಣು, ಕೆಂಡ ಮೂರೂ ಇರುವ ಕಡೆಗಳಲ್ಲಿ ಇಂಥದು ತಾನೇ ಹುಟ್ಟಬಲ್ಲದು. 'ಬಾಞ್ ಸೆಯೊ' ವಿಷಯವೂ ಅಷ್ಟೆ. ಅರಿಸಿನ, ಅಕ್ಕಿಹಿಟ್ಟುಗಳ ಗರಿಗರಿ ದೋಸೆ ಅದು. ದಕ್ಷಿಣದಲ್ಲಿ ತೆಂಗಿನ ಹಾಲೂ ಸೇರುತ್ತದೆ. ಸೆಯೊ ಎಂಬುದು ಕಾವಲಿಗೆ ಹಿಟ್ಟು ಬಿದ್ದ ಸದ್ದು, ನಮ್ಮ 'ಚುಂಯ್'. ಅದನ್ನು ಮುರಿದು ಸಾಸಿವೆ ಸೊಪ್ಪಿನ ಎಲೆಯಲ್ಲಿ ಸುತ್ತಿ, ಅದ್ದಿ ತಿನ್ನಬೇಕು.

ಸೈಗಾನ್, ಅಂದರೆ ಈಗಿನ ಹೊ ಚಿ ಮಿಞ್ ನಗರದ ಗುರುತು 'ಕಮ್ ತಮ್', ನುಚ್ಚಕ್ಕಿಯ ಅನ್ನ. ಗಿರಣಿಯಲ್ಲಿ ಒಡೆದು ಮಾರಾಟಕ್ಕೆ ಬಾರದ ಅಕ್ಕಿ ಬಡವರ ಹೊಟ್ಟೆ ಸೇರುತ್ತಿತ್ತು. ಈಗ ಅದನ್ನೇ ಸುಟ್ಟ ಹಂದಿಮಾಂಸದೊಡನೆ ಎಲ್ಲರೂ ಹುಡುಕಿಕೊಂಡು ಹೋಗುತ್ತಾರೆ. ರಾತ್ರಿ ಗಲ್ಲಿಗಳಲ್ಲಿ 'ಹು ತಿಯು ಗೊ' ಗಾಡಿ. ಹು ತಿಯು ಒಂದು ಬಗೆಯ ಶಾವಿಗೆ ಸಾರು, ಗೊ ಎಂದರೆ ತಟ್ಟು. ಹುಡುಗನೊಬ್ಬ ಎರಡು ತುಂಡುಗಳನ್ನು ಕಟಕಟ ಬಡಿಯುತ್ತ ಮುಂದೆ ಹೋಗುತ್ತಾನೆ, ಬೇಕಾದವರು ಬಾಗಿಲಿಂದಲೇ ಹೇಳುತ್ತಾರೆ, ಬಿಸಿ ಬಟ್ಟಲು ಮನೆಗೆ ಬರುತ್ತದೆ. ಇಂಥ ಗಾಡಿಗಳಿಗೂ ಪಾದಚಾರಿ ಮಾರ್ಗದ ಅಧಿಕಾರಿಗಳಿಗೂ ಹಳೆಯ ಹಗ್ಗಜಗ್ಗಾಟ. 2017ರಲ್ಲಿ ನಗರದ 1ನೇ ಜಿಲ್ಲೆಯಲ್ಲಿ ದೊಡ್ಡ ತೆರವು ಕಾರ್ಯಾಚರಣೆಯೇ ನಡೆಯಿತು.

ಸಸ್ಯಾಹಾರಿಗಳು ಕಲಿಯಬೇಕಾದ ಪದ ಒಂದೇ, 'ಚಯ್'. ಟೀಗೂ ಅದಕ್ಕೂ ಸಂಬಂಧವಿಲ್ಲ. 'ತೋಯ್ ಅನ್ ಚಯ್' ಎಂದರೆ ನಾನು ಸಸ್ಯಾಹಾರಿ. 'ಮಾಂಸ ಬೇಡ' ಎಂದಷ್ಟೇ ಹೇಳಿದರೆ ಮೀನಿನ ರಸ, ಮೂಳೆಯ ಸಾರು ಬಂದೇ ಬರುತ್ತವೆ, ಏಕೆಂದರೆ ಅವು ಅಲ್ಲಿ ಮಾಂಸದ ಲೆಕ್ಕಕ್ಕಿಲ್ಲ. ಬೌದ್ಧರು ಅನೇಕರು ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಚಯ್ ಉಣ್ಣುತ್ತಾರೆ. ಆ ದಿನಗಳಲ್ಲಿ ಚಯ್ ಅಂಗಡಿಗಳು ತುಂಬಿರುತ್ತವೆ. ಕಟ್ಟುನಿಟ್ಟಾದ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಪಟ್ಟಿಯಲ್ಲಿ ಬೊ, ಗಾ ಎಂದಿದ್ದರೆ ಬೆಚ್ಚಬೇಕಿಲ್ಲ: ಕೊನೆಯಲ್ಲಿ ಚಯ್ ಎಂದಿದ್ದರೆ ಅದು ಸೋಯಾದಿಂದಲೋ ಗೋಧಿಯ ಅಂಟಿನಿಂದಲೋ ಮಾಡಿದ ವೇಷ. ಹ್ವೇ ಈ ಅಡುಗೆಗೆ ಹೆಸರಾದ ಊರು.

ಫ್ರೆಂಚರು ಬಿಟ್ಟುಹೋದದ್ದರಲ್ಲಿ ಎರಡು ವಸ್ತುಗಳನ್ನು ವಿಯೆಟ್ನಾಂ ಪೂರ್ತಿ ತನ್ನದಾಗಿಸಿಕೊಂಡಿತು. ಮೊದಲನೆಯದು 'ಬಾಞ್ ಮಿ'. ಗರಿ ಸಿಪ್ಪೆಯ ಉದ್ದ ಬ್ರೆಡ್ಡು ಸೀಳಿ ಮಾಂಸ, ಉಪ್ಪಿನಲ್ಲೂ ಹುಳಿಯಲ್ಲೂ ನೆನೆದ ಗಜ್ಜರಿ ಮೂಲಂಗಿ, ಸೌತೆ, ಕೊತ್ತಂಬರಿ ತುಂಬಿದ್ದು. ಸೈಗಾನಿನಲ್ಲಿ 1958ರಲ್ಲಿ ಹ್ವಾ ಮಾ ಎಂಬ ಅಂಗಡಿ ಹೀಗೆ ತುಂಬಿ ಮಾರಲು ತೊಡಗಿದವುಗಳಲ್ಲಿ ಮೊದಲನೆಯದು ಎಂಬ ಖ್ಯಾತಿ ಪಡೆದಿದೆ. ಮೊಟ್ಟೆಯದೂ ಚಯ್ ಆದದ್ದೂ ಸಿಗುತ್ತವೆ. ಎರಡನೆಯದು ಕಾಫಿ. ಬ್ರೆಜಿಲ್ ಬಿಟ್ಟರೆ ಹೆಚ್ಚು ಕಾಫಿ ಬೆಳೆಯುವ ದೇಶ ಅದು, ಬಹುಪಾಲು ರೊಬಸ್ಟಾ. ಲೋಟದ ಮೇಲೆ ಕೂರುವ 'ಫಿನ್' ಎಂಬ ಪುಟ್ಟ ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟಿಕ್ಕುತ್ತದೆ. ಕೆಳಗೆ ಡಬ್ಬಿಯ ಸಿಹಿ ಗಟ್ಟಿಹಾಲು, ಆಮೇಲೆ ಐಸು. ಕೊಡಗು, ಚಿಕ್ಕಮಗಳೂರಿನ ನಾಲಿಗೆಗೆ ಹಾಲು ಕಾಯಿಸದ ಕಾಫಿ ಮೊದಲು ಒರಟೆನಿಸಬಹುದು. ಹನೋಯಿಯಲ್ಲಿ ಹಾಲಿಗೆ ತತ್ವಾರವಿದ್ದ 1946ರಲ್ಲಿ ಙುಯೆನ್ ವನ್ ಜಾಂಗ್ ಎಂಬವರು ಹಳದಿ ಲೋಳೆ ನೊರೆಯೆಬ್ಬಿಸಿ ಮಾಡಿದ ಮೊಟ್ಟೆ ಕಾಫಿ ಇಂದಿಗೂ ಚಾಲ್ತಿಯಲ್ಲಿದೆ. ಸಿಹಿಗೆ 'ಚೆ' ಇದೆ: ಹೆಸರುಬೇಳೆ, ತೆಂಗಿನ ಹಾಲು, ಸಕ್ಕರೆ. ಪಾಯಸ ಎಂದರೆ ತಪ್ಪಾಗದು.

ಹೊಟ್ಟೆಯ ಚಿಂತೆಯಿರುವವರು ಗಿರಾಕಿ ತುಂಬಿದ, ಹಂಡೆ ಕುದಿಯುತ್ತಿರುವ ಅಂಗಡಿಯನ್ನೇ ಆರಿಸಬೇಕು. ಹಸಿಸೊಪ್ಪನ್ನು ಮೊದಲ ದಿನ ಬಿಸಿ ಸಾರಿನಲ್ಲಿ ಮುಳುಗಿಸಿ ತಿನ್ನಬಹುದು. ಬೆಲೆ ಬರೆದಿಲ್ಲದಿದ್ದರೆ ಕೂರುವ ಮುನ್ನ ಕೇಳಬೇಕು. ಹಣ ಸಾಮಾನ್ಯವಾಗಿ ಉಂಡ ಮೇಲೆ. 50 ಎಂದರೆ 50,000 ದೋಂಗ್. ಮೂರು ಸೊನ್ನೆಗಳನ್ನು ಬಾಯಲ್ಲಿ ಹೇಳುವುದಿಲ್ಲ. 20,000ದ ನೋಟೂ 5,00,000ದ ನೋಟೂ ಎರಡೂ ನೀಲಿ, ಎರಡರ ಮೇಲೂ ಹೊ ಚಿ ಮಿಞ್ ಮುಖ. ಮಬ್ಬು ಬೆಳಕಿನ ಗಲ್ಲಿಯಲ್ಲಿ ಸೊನ್ನೆ ಎಣಿಸಿಯೇ ಕೊಡಬೇಕು.